ಬಾಗಿಲು ಅಳೆಯುತ್ತಿದ್ದ ಪುಟ್ಟಸ್ವಾಮಿ

ಯಾರ ಮನೆಗೆ ಹೋದರೂ ಪುಟ್ಟಸ್ವಾಮಿ ಜೇಬಿನಿಂದ ಟೇಪು ತೆಗೆದು ಮೊದಲು ಬಾಗಿಲಿನ ಅಗಲ ಅಳೆಯುತ್ತಿದ್ದ. ಒಮ್ಮೆ ನನ್ನ ಹೆಂಡತಿ ಕಾಫಿ ಲೋಟ ಹಿಡಿದು ನಿಂತವಳು, "ಇವರೇನು ಮನೆ ಕೊಳ್ಳೋಕೆ ಬಂದಿದಾರಾ?" ಎಂದು ನನ್ನನ್ನೇ ಕೇಳಿದ್ದಳು. ಈ ಅಭ್ಯಾಸ ಅವನಿಗೆ ಮೊದಲಿನಿಂದ ಇರಲಿಲ್ಲ.

ಪೋಲಿಯೊದಿಂದ ಎರಡೂ ಕಾಲು ಸೋತಿದ್ದ ಅವನಿಗೆ ಹೊಳೆನರಸೀಪುರದಲ್ಲಿ ವೆಲ್ಡಿಂಗ್ ಅಂಗಡಿಯಿತ್ತು. ನೆಲದ ಮೇಲೆ ಕೂತೇ ಕೆಲಸ. ನಡೆಯಲಾಗದವರಿಗೆ ಕೈಯಿಂದ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿ ಮಾಡುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂಬ ಹೆಸರಿತ್ತು. ಆ ಹೆಸರು ಅವನಿಗೂ ಚೆನ್ನಾಗಿ ಗೊತ್ತಿತ್ತು.

ನಮ್ಮ ತಾಲ್ಲೂಕಿನ ಅಂಗವಿಕಲರ ಸಂಘಕ್ಕೂ ಉಗಾಂಡದ ಅಂಥದೇ ಒಂದು ಸಂಘಕ್ಕೂ ಸ್ನೇಹ ಬೆಳೆದು, ಅಲ್ಲಿಂದ ನಕಾಟೊ ಎಂಬ ಹೆಂಗಸು ಗಾಡಿ ಮಾಡುವುದನ್ನು ನೋಡಲು ಬಂದಳು. ಅವಳೂ ಗಾಲಿಕುರ್ಚಿಯಲ್ಲೇ ಓಡಾಡುವವಳು, ಅವಳೂ ವೆಲ್ಡರ್. ಇಂಗ್ಲಿಷ್ ಮೇಷ್ಟ್ರಾದ ನಾನು ಇಬ್ಬರ ಮಾತು ದಾಟಿಸುವವನು. ಎರಡನೇ ದಿನವೇ ಅವಳು ಗಾಡಿಯನ್ನು ಸುತ್ತಿ ಬಂದು, "ರಸ್ತೆಗೆ ಇದು ಸರಿ. ಹೆಂಗಸು ಇದರಲ್ಲಿ ಅಡುಗೆಮನೆಗೆ ಹೋಗುವುದು ಹೇಗೆ?" ಎಂದಳು.

ಪುಟ್ಟಸ್ವಾಮಿಗೆ ಸಿಟ್ಟು ಬಂತು. "ಇಪ್ಪತ್ ವರ್ಸದಿಂದ ಮಾಡ್ತಾ ಇವ್ನಿ ಮೇಷ್ಟ್ರೇ. ಸರಿಯಿಲ್ಲ ಅಂತ ಒಬ್ರಾದ್ರೂ ಅಂದವ್ರಾ? ಕೊಣನೂರ್ಗೇ ಕರ್ಕಂಡೋಗಿ ತೋರುಸ್ತೀನಿ, ನಡೀರಿ."

ಹೋದೆವು. ಅವನು ಆ ಊರಿನ ಗೌರಮ್ಮ ಎಂಬುವಳಿಗೆ ಮಾಡಿಕೊಟ್ಟಿದ್ದ ಗಾಡಿ ಅವಳ ಮನೆಯ ಕೊಟ್ಟಿಗೆಯಲ್ಲಿತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಗೌರಮ್ಮ ಒಳಗಿನಿಂದ ಕೈಯೂರಿ ತೆವಳಿಕೊಂಡು ಬಂದಳು.

"ಯಾಕವ್ವಾ, ಗಾಡಿ ಬಳಸ್ತಿಲ್ವಾ?" ಎಂದ.

"ಬಾಕ್ಲಲ್ಲಿ ತೂರಾಕಿಲ್ಲ ಕಣಣ್ಣ. ಆಸೆಪಟ್ ಮಾಡ್ಕೊಟ್ಟಿದ್ದೆ, ನೊಂದ್ಕತೀಯ ಅಂತ ಏಳ್ನಿಲ್ಲ."

ಪುಟ್ಟಸ್ವಾಮಿ ಆ ಗಾಡಿಯನ್ನು ಆಟೋದಲ್ಲಿ ಹಿಂದಕ್ಕೆ ತರಿಸಿ, ಮರುದಿನ ಬೆಳಿಗ್ಗೆ ತಾನೇ ಅದನ್ನು ಕತ್ತರಿಸಿ ಹಾಕಿದ. "ಏನ್ ಮಾಡ್ಬೇಕೋ ಏಳು ಅನ್ನಿ ಅವ್ಳಿಗೆ" ಎಂದ. ನಕಾಟೊ ಕುರ್ಚಿಯಿಂದಿಳಿದು ಅವನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ನನಗೆ ಹೆಚ್ಚು ಕೆಲಸವಿರಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಳಿಸಿ, ತಮ್ಮತಮ್ಮ ಭಾಷೆಯಲ್ಲೇ ಇಬ್ಬರೂ ಜಗಳವಾಡಿದರು. ಅದಾದ ಮೂರನೇ ದಿನ ಗೌರಮ್ಮ ಹೊಸ ಗಾಡಿಯಲ್ಲಿ ಒಳಗೆ ಹೋಗಿ ನಮಗೆಲ್ಲ ಟೀ ಮಾಡಿ ತಂದಳು. ಪುಟ್ಟಸ್ವಾಮಿ ಲೋಟ ಹಿಡಿದುಕೊಂಡು ಆ ಕಡೆ ಮುಖ ತಿರುಗಿಸಿದ.

ಕೆಲವು ತಿಂಗಳ ನಂತರ ಉಗಾಂಡದಿಂದ, ನಕಾಟೊ ಅಲ್ಲಿ ಮಾಡಿದ ಅಂಥದೇ ಗಾಡಿಯ ಫೋಟೊ ಬಂತು. ಅವರ ಕೆಸರಿಗೆ ತಕ್ಕಂತೆ ಮುಂದಿನ ಚಕ್ರ ಅಗಲವಾಗಿತ್ತು. "ನಮ್ ಗಾಡಿ ಅವ್ರೂರ್ಗೋಗಿ ಬುದ್ಧಿ ಕಲ್ತ್ಕಂಡದೆ!" ಎಂದು ಪುಟ್ಟಸ್ವಾಮಿ ಹಿಗ್ಗಿ, ಮುಂದಿನ ಗಾಡಿಗೆ ತಾನೂ ಹಾಗೇ ಚಕ್ರ ಹಾಕಿದ. ಈ ಗಾಡಿಯ ವಿನ್ಯಾಸವನ್ನು ನಿನ್ನ ಹೆಸರಲ್ಲಿ ನೋಂದಾಯಿಸು ಎಂದು ಅಧಿಕಾರಿಯೊಬ್ಬರು ಹೇಳಿದಾಗ, "ಯಾರೆಸ್ರು ಬರ್ಸಲಿ ಸಾ? ಬಾಕ್ಲು ಗೌರಮ್ಮಂದು, ಬುದ್ಧಿ ಆ ನಕಾಟೊಂದು. ನಂದು ಬೆಸುಗೆ ಅಷ್ಟೇಯ" ಎಂದ.

ಕೊನೆಯ ಸಲ ಅವನನ್ನು ಕಂಡದ್ದು ಹಾಸನದ ಆಸ್ಪತ್ರೆಯಲ್ಲಿ. ಉಸಿರಿಗೇ ಕಷ್ಟ. ಆದರೂ, "ಇಳಿಜಾರಲ್ಲಿ ಬ್ರೇಕ್‌ಗೆ ಏನ್ ಮಾಡ್ತಾರೆ ಅಂತ ಕೇಳಿ ಮೇಷ್ಟ್ರೇ" ಎಂದ. ನಕಾಟೊಗೆ ಬರೆದು ಕೇಳಿದೆ. ಉತ್ತರ ಬರುವ ಮೊದಲೇ ಹೋಗಿಬಿಟ್ಟ.

ನಕಾಟೊಗೆ ಫೋನ್ ಮಾಡಿ ಹೇಳಿದೆ. ಅವಳ ಹಿಂದೆ ಕೇಳುತ್ತಿದ್ದ ಸುತ್ತಿಗೆಯ ಸದ್ದು ನಿಂತಿತು. ಅವಳು ಅತ್ತಿರಬೇಕು. ಆಮೇಲೆ, "ಬ್ರೇಕಿನ ಚಿತ್ರ ಇವತ್ತೇ ಕಳಿಸುತ್ತೇನೆ. ಅವನ ಅಂಗಡಿಯಲ್ಲಿ ಈಗ ಯಾರು ಕೂರುತ್ತಾರೋ ಅವರಿಗೆ ಕೊಡಿ" ಎಂದಳು.