ಸೋಮವಾರದ ಹೊರೆ

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಕಪ್ಪು ಮಣ್ಣಿನ ಎರಿ ಹೊಲ ಎಷ್ಟೇ ಹದಕ್ಕೆ ಬಂದಿರಲಿ, ಮೋಡ ಎಷ್ಟೇ ಅವಸರ ಮಾಡಲಿ, ಆ ಒಂದು ದಿನ ಎತ್ತು ಮೇವಿನ ಮುಂದೆ ನಿಂತು ಮೆಲುಕು ಹಾಕುತ್ತದೆ. ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಈಗ ಸೋಮವಾರಕ್ಕೂ ಮಂಗಳವಾರಕ್ಕೂ ವ್ಯತ್ಯಾಸ ಉಳಿದಿಲ್ಲ. ಎತ್ತು ಉಳಿಸಿಕೊಂಡ ಮನೆಗಳಲ್ಲಿ ಮಾತ್ರ ರೂಢಿ ತಪ್ಪಿಲ್ಲ. ಇದನ್ನು ಭಕ್ತಿ ಎನ್ನುವವರಿದ್ದಾರೆ. ನಾನು ನ್ಯಾಯ ಎನ್ನುತ್ತೇನೆ. ದುಡಿಯುವ ಜೀವಕ್ಕೆ ವಾರದಲ್ಲಿ ಒಂದು ದಿನವಾದರೂ ತನ್ನದಾಗಿರಬೇಕು. ಈ ನ್ಯಾಯವನ್ನು ನಾನು ಬಲ್ಲ ಒಬ್ಬ ಮನುಷ್ಯ ಯುದ್ಧಕ್ಕೂ ಕರೆದುಕೊಂಡು ಹೋಗಿದ್ದ.

ನಾನು ಓದಿದ್ದು ಕಿತ್ತೂರಿನ ಹತ್ತಿರದ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಸಾಲಿನಲ್ಲಿ ಉಣ್ಣಬೇಕಿತ್ತು, ಪಾಯಖಾನೆಯನ್ನು ಸರದಿಯಂತೆ ತೊಳೆಯಬೇಕಿತ್ತು, ತಪ್ಪು ಕಣ್ಣಿಗೆ ಬಿದ್ದರೆ ಅಲ್ಲಿಯೇ ನಿಂತು ಅದನ್ನು ತಪ್ಪು ಎಂದು ಹೇಳಬೇಕಿತ್ತು. ಅಂಥ ಶಾಲೆಯವನು ಸೈನ್ಯಕ್ಕೆ ಏಕೆ ಸೇರಿದೆ ಎಂದು ಇಂದಿಗೂ ಕೇಳುತ್ತಾರೆ. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಿದ್ದವು, ಬೆಳಗಾವಿಯಲ್ಲಿ ಸೈನ್ಯದ ಭರತಿ ನಡೆದಿತ್ತು. ಬಡವನ ಮಕ್ಕಳಿಗೆ ಬೇರೆ ಬಾಗಿಲು ತೆರೆಯದ ವ್ಯವಸ್ಥೆಯೂ ಒಂದು ತಪ್ಪೇ. ಕೊಲ್ಲುವುದಕ್ಕಿಂತ ಉಣಿಸುವುದು ಮೇಲೆಂದುಕೊಂಡು ನಾನು ಸರಬರಾಜಿನ ಕೆಲಸ ಕೇಳಿದೆ, ಅದು ಸಿಕ್ಕಿತು.

ಪೂರ್ವದ ಗಡಿಯ ಕಾಡಿನಲ್ಲಿ ಯುದ್ಧ, ಯುದ್ಧವೆಂದು ಸಾರುವುದಕ್ಕೆ ಬಹಳ ಮೊದಲೇ ಶುರುವಾಗಿತ್ತು. ಪತ್ರಿಕೆಗಳಲ್ಲಿ ಅದರ ಸುದ್ದಿ ಇರಲಿಲ್ಲ. ಗುಡ್ಡದ ತುದಿಯಲ್ಲಿ ಒಂದು ಠಾಣೆ, ಬುಡದಲ್ಲಿ ಮೋಟಾರು ರಸ್ತೆ ಮುಗಿಯುವಲ್ಲಿ ಒಂದು ಶಿಬಿರ. ಇವೆರಡರ ನಡುವೆ, ಬಿದಿರು ಕಡಿದು ಬಯಲು ಮಾಡಿದ ಒಂದು ತುಣುಕು ನೆಲದಲ್ಲಿ ನನ್ನ ದಾಸ್ತಾನು. ತಾಡಪತ್ರಿಯ ಅಡಿಯಲ್ಲಿ ಹಿಟ್ಟು, ಬೇಳೆ, ಉಪ್ಪು, ಸೀಮೆಎಣ್ಣೆ, ಮದ್ದುಗುಂಡಿನ ಪೆಟ್ಟಿಗೆಗಳು. ಕೆಳಗಿನಿಂದ ಹೇಸರಗತ್ತೆಗಳ ಸಾಲು ಸಾಮಾನು ತಂದು ಹಾಕುತ್ತಿತ್ತು. ಮರುದಿನ ಅದೇ ಸಾಲು ಮೇಲಕ್ಕೆ ಹೊರುತ್ತಿತ್ತು. ಉಪ್ಪು ನೀರಾಗದಂತೆ, ಹಿಟ್ಟಿಗೆ ಹುಳು ಬೀಳದಂತೆ ಕಾಯುವುದು ನನ್ನ ಕರ್ತವ್ಯ. ಇಬ್ಬರು ಕಾವಲಿನವರಿದ್ದರು. ಅವರು ತಮ್ಮ ಭಾಷೆಯಲ್ಲಿ ತಾವೇ ಮಾತಾಡಿಕೊಳ್ಳುತ್ತಿದ್ದರು. ನನ್ನ ಹಿಂದಿ ಆಜ್ಞೆ ಕೇಳುವುದಕ್ಕೆ, ವರದಿ ಒಪ್ಪಿಸುವುದಕ್ಕೆ ಸಾಕಾಗುತ್ತಿತ್ತು. ಜ್ವರ ಬಂದಾಗ ಮೈ ಹೇಗಿದೆ ಎಂದು ಹೇಳುವುದಕ್ಕೆ ಸಾಕಾಗುತ್ತಿರಲಿಲ್ಲ. ನೆಲದಿಂದ ಏಳುವ ಹಬೆ, ಎಲೆಗಳಿಂದ ಉದುರುವ ಜಿಗಣೆ, ಎತ್ತ ನೋಡಿದರೂ ಕಣ್ಣು ಹತ್ತು ಮಾರಿನಾಚೆ ಹೋಗದ ಹಸಿರು. ದಿಗಂತದವರೆಗೆ ಹೊಲ ಕಂಡು ಬೆಳೆದವನಿಗೆ ಅದು ಮುಚ್ಚಳ ಹಾಕಿದ ಪಾತ್ರೆಯೊಳಗಿನ ಬದುಕಾಗಿತ್ತು.

ಆ ಹೇಸರಗತ್ತೆಯ ಸಾಲಿನಲ್ಲಿ ರಾಮದುರ್ಗದ ಕಡೆಯ ಒಬ್ಬ ರೈತನ ಮಗನಿದ್ದ. ಮೊದಲ ದಿನ ಇಳಿಜಾರಿನಲ್ಲಿ ಅವನು ತನ್ನ ಹೇಸರಗತ್ತೆಗೆ “ಬಾರವ್ವಾ, ಸಾವಕಾಶ ಬಾ” ಎನ್ನುವುದು ಕೇಳಿ ನಾನು ಕೈಯಲ್ಲಿದ್ದ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಓಡಿದ್ದೆ. ನಾನು ಓದಿದವನೆಂದು ಅವನು ನನ್ನನ್ನು ಮಾಸ್ತರ ಎಂದು ಕರೆದ. ಅವನು ಬಂದ ದಿನ ಸಾಮಾನು ಇಳಿಸಿ, ಬೆಂಕಿ ಹೊತ್ತಿಸಿ, ಚಹಾಕ್ಕೆ ಕೂರುತ್ತಿದ್ದೆವು. ಉಳಿದ ದಿನಗಳು ಆ ಕೂರುವಿಕೆಯ ದಾರಿ ಕಾಯುವ ದಿನಗಳು.

“ಈ ಹೊತ್ತಿಗಿ ನಮ್ಮ ಕಡೆ ಬಿಳಿಜೋಳಾ ಬಿತ್ತಾಕತ್ತಿರತಾರ,” ಎಂದು ನಾನು ಹೇಳಿದರೆ, ಅವನು ನಗುತ್ತಿದ್ದ.

“ನಿಮ್ಮ ಬೈಲಹೊಂಗಲ ಮಂದಿ ಮಾತಿನ್ಯಾಗ ಬಿತ್ತಿ, ಮಾತಿನ್ಯಾಗ ರಾಶೀನೂ ಮಾಡ್ತೀರಿ ಬಿಡ್ರಿ. ಕೂರಿಗಿ ಹಿಡದ ಕೈ ಏನ್ರಿ ಅದು? ತೋರಸ್ರಿ ಇಲ್ಲೆ.”

ಒಂದು ಸೋಮವಾರ ಸಾಲಿನ ಎಲ್ಲರಿಗಿಂತ ಹಿಂದೆ ಅವನು ಬಂದ. ಉಪ್ಪಿನ ಚೀಲ ಅವನ ಬೆನ್ನ ಮೇಲಿತ್ತು. ಹೇಸರಗತ್ತೆ ಬರಿ ಬೆನ್ನಿನಲ್ಲಿ ಹಿಂದೆ ಬರುತ್ತಿತ್ತು.

“ಏನೋ ಇದು?”

“ಇವತ್ತ ಸೋಮವಾರ್ರಿ, ಮಾಸ್ತರ.”

“ಇದು ಎತ್ತ ಅಲ್ಲೋ ಮಾರಾಯಾ. ಇದರಪ್ಪ ಕತ್ತಿ.”

“ಕತ್ತೀ ಮಗಳಾದ್ರ ಬೆನ್ನ ನೋಯೂದಿಲ್ಲೇನ್ರಿ?”

ಆಮೇಲಿನ ಸೋಮವಾರಗಳಲ್ಲೂ ಅವನು ಹಾಗೆಯೇ ಬಂದ. ಅವನು ಆಜ್ಞೆ ಮೀರಿದ್ದನೇ ಹೊರತು ಕೆಲಸ ಬಿಟ್ಟಿರಲಿಲ್ಲ. ಆದರೆ ಮನುಷ್ಯನ ಬೆನ್ನಿಗೆ ಹೇಸರಗತ್ತೆಯ ಹೊರೆ ಹಿಡಿಯುವುದಿಲ್ಲ. ಮೇಲಿನ ಠಾಣೆಗೆ ಸೋಮವಾರದ ಸಾಮಾನು ಕಡಿಮೆ ಬೀಳುತ್ತಿದೆ ಎಂದು ದೂರು ಬಂದಿತು. ಸಾಗಣೆಯ ಜಮಾದಾರ ಎಲ್ಲರೆದುರು ಅವನನ್ನು ಕತ್ತೆಯ ಅಳಿಯ ಎಂದು ಹಂಗಿಸಿದ. ಇನ್ನೊಂದು ಸೋಮವಾರ ಹೀಗಾದರೆ ಅವನನ್ನು ಹೇಸರಗತ್ತೆಗಳಿಂದ ಬಿಡಿಸಿ ಗಡಿಯಿಂದ ದೂರದ ಊರಿನ ಸೈನ್ಯದ ಅಡಿಗೆಮನೆಗೆ ಕಳಿಸುವುದಾಗಿ ಹೇಳಿದ. ಅಂದರೆ ಅವನು ಆ ದಾರಿಯಲ್ಲಿ ಮತ್ತೆ ಬರುವುದಿಲ್ಲ. ನನಗೆ ಆ ಮಾತಿನ ಅರ್ಥ ಚೆನ್ನಾಗಿ ತಿಳಿಯಿತು.

ಅದೇ ವಾರ ನಮ್ಮ ಅಧಿಕಾರಿ ದಾಸ್ತಾನು ನೋಡಲು ಬಂದರು. ಎಳೆಯ ವಯಸ್ಸು, ಮೃದು ಮಾತು. ನಾನು ಅವರನ್ನು ಹೇಸರಗತ್ತೆಗಳ ಸಾಲಿಗೆ ಕರೆದೊಯ್ದು ಜೀನು ಎತ್ತಿ ತೋರಿಸಿದೆ. ಒಂದರ ಬೆನ್ನು ಸುಲಿದಿತ್ತು, ಇನ್ನೊಂದರದು ಕೀವು ಕಟ್ಟಿತ್ತು. ರಾಮದುರ್ಗದವನ ಹೇಸರಗತ್ತೆಯ ಬೆನ್ನು ಮಾತ್ರ ನಯವಾಗಿತ್ತು. ವಾರಕ್ಕೊಂದು ದಿನ ವಿಶ್ರಾಂತಿ ಕೊಟ್ಟರೆ ಇವು ಯುದ್ಧ ಮುಗಿಯುವವರೆಗೆ ನಡೆಯುತ್ತವೆ, ಕೊಡದಿದ್ದರೆ ದಾರಿಯಲ್ಲಿಯೇ ಬೀಳುತ್ತವೆ ಎಂದೆ. ಮಾತಾಡಲಾರದ ಜೀವಗಳ ಮೇಲೆ ಇದು ಅನ್ಯಾಯವೆಂದೂ ಹೇಳಿದೆ. ಅವರು ಬಹಳ ಹೊತ್ತು ಆ ಹುಣ್ಣುಗಳನ್ನು ನೋಡಿದರು. ನನ್ನ ಮಾತಿನಲ್ಲಿ ನ್ಯಾಯವಿದೆ ಎಂದರು. ಇನ್ನು ಸೋಮವಾರ ಇಡೀ ಸಾಲಿಗೆ ವಿಶ್ರಾಂತಿ ಎಂದು ಆಜ್ಞೆಯಾಯಿತು. ನನ್ನ ಜೀವನದಲ್ಲಿ ನಾನು ಕೇಳಿದ್ದನ್ನು ಯಾರಾದರೂ ಕೇಳಿದಷ್ಟೂ ಕೊಟ್ಟದ್ದು ಅದೊಂದೇ ಸಲ.

ಗೆಳೆಯನ ಸಂತೋಷಕ್ಕೆ ಎಣೆಯಿರಲಿಲ್ಲ. ಹೇಸರಗತ್ತೆಯನ್ನು ಅವನು ಸೈನ್ಯದ ಹಿಂದಿಯಲ್ಲಿ ಖಚ್ಚರ ಎನ್ನುತ್ತಿದ್ದ. “ಖಚ್ಚರದ ವಕೀಲ್ರ, ನಿಮ್ಮ ಫೀ ಎಷ್ಟಾತ್ರಿ?”

“ಒಂದು ತಾಸು ಕುಂತು ಮಾತಾಡು. ಸಾಕು.”

“ಇಷ್ಟ? ಹಂಗಾರ ಮುಂದಿನ ಖಟ್ಲೇದ್ದೂ ಈಗ ತಗೊಂಡ ಬಿಡ್ರಿ,” ಎಂದು, ತನ್ನ ತಾಯಿ ಸವದತ್ತಿಯ ಗುಡ್ಡಕ್ಕೆ ಹೋದಾಗ ಗಂಟು ಬಿಚ್ಚಿ ದಾರಿಯ ಮಂದಿಗೆಲ್ಲ ರೊಟ್ಟಿ ಹಂಚಿ, ಕಡೆಗೆ ಇವನಿಗೇ ಇಲ್ಲದಂತೆ ಮಾಡಿದ ಕಥೆಯನ್ನು ಹೊತ್ತು ಇಳಿಯುವವರೆಗೆ ಹೇಳಿದ.

ಮುಂದಿನ ಸೋಮವಾರ ದಾರಿಯಲ್ಲಿ ಗೊರಸಿನ ಸಪ್ಪಳವಿಲ್ಲದೆ ಸಾಮಾನು ಬಂದಿತು. ಗುಡ್ಡದ ಹಳ್ಳಿಗಳ ಜನ, ಗಂಡಸರು, ಹೆಂಗಸರು, ಒಬ್ಬ ಮುದುಕ. ಹಣೆಗೆ ಬಿದಿರಿನ ಪಟ್ಟಿ ಬಿಗಿದು ಬೆನ್ನಿಗೆ ಹೊರೆ ಇಳಿಬಿಟ್ಟುಕೊಂಡು, ಬರಿಗಾಲಿನಲ್ಲಿ, ನೆಲ ನೋಡುತ್ತ ಏರುತ್ತಿದ್ದರು. ವಿಶ್ರಾಂತಿಯ ದಿನವೂ ಸಾಮಾನು ಮೇಲೇರಲೇಬೇಕಲ್ಲ. ಜಮಾದಾರ ಹಳ್ಳಿಯ ಮುಖಂಡನಿಗೆ ಹೇಳಿ ಕಳಿಸಿದ್ದ. ಮುಖಂಡ ಮನೆಗೊಬ್ಬರನ್ನು ಅಟ್ಟಿದ್ದ. ಕೂಲಿಯ ಬದಲು ಒಂದು ಹಿಡಿ ಉಪ್ಪು. ಯಾರೂ ಅವರನ್ನು ಬರುತ್ತೀರಾ ಎಂದು ಕೇಳಿರಲಿಲ್ಲ. ಇದಕ್ಕೆ ಬಿಟ್ಟಿ ಎನ್ನುತ್ತಾರೆ; ಅದನ್ನು ರದ್ದು ಮಾಡಿದ್ದೇವೆ ಎಂದುಕೊಂಡ ದೇಶದ ಸೈನ್ಯ ನಮ್ಮದು. ಹೇಸರಗತ್ತೆಗಳಿಗೆ ಒಬ್ಬ ವೈದ್ಯನಿದ್ದ, ಅವುಗಳ ಹುಣ್ಣಿಗೆ ಮುಲಾಮಿತ್ತು. ಈ ಜನರ ಹಣೆಯ ಮೇಲೆ ಪಟ್ಟಿ ಕೊರೆದ ಗಾಯಕ್ಕೆ ಏನೂ ಇರಲಿಲ್ಲ.

ದಾರಿಯಲ್ಲಿ ಅವರ ಕಾವಲಿಗೆ ನನ್ನ ಗೆಳೆಯನನ್ನು ಕಳಿಸಿದ್ದರು. ಅವನು ಮುದುಕನ ಹೊರೆಗೆ ಕೈ ಕೊಡಲು ಹೋದ. ಮುದುಕ ಗಾಬರಿಯಿಂದ ಅದನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಹೊರೆ ಕಸಿದರೆ ಉಪ್ಪೂ ಹೋಗುತ್ತದೆಂದು ಅವನ ಭಯ.

“ಮಾಸ್ತರ, ಇವರು ಯಾರ್ರಿ?”

“ಇಲ್ಲೇ ಗುಡ್ಡದ ಹಳ್ಳಿಯವರು.”

“ಇವರಿಗಿ ಸೋಮವಾರ ಇಲ್ಲೇನ್ರಿ?”

ನಾನು ಕೇಳಿದ್ದು ಇದನ್ನಲ್ಲ, ಇದು ಘೋರ ತಪ್ಪು, ಅಧಿಕಾರಿಗೆ ಹೇಳುತ್ತೇನೆ ಎಂದೆ. “ಹೇಳ್ರಿ,” ಎಂದ ಅವನು. “ನೀವು ಹೇಳೂದು ಹೇಳೇ ಹೇಳ್ತೀರಿ.”

ನಾನು ಹೇಳಿದೆ. ಶಿಬಿರಕ್ಕೆ ಇಳಿದು ಹೋಗಿ ಹೇಳಿದೆ. ಅಧಿಕಾರಿ ಸಿಟ್ಟಾಗಲಿಲ್ಲ. ಮೇಲಿನ ಠಾಣೆಯವರು ಉಪವಾಸ ಬೀಳಬೇಕೇ ಎಂದು ಕೇಳಿದರು. ವಿಶ್ರಾಂತಿ ಬೇಕೆಂದು ಕೇಳಿದವನು ನೀನೇ ಅಲ್ಲವೇ ಎಂದೂ ಕೇಳಿದರು. ಒಂದು ಜೀವದ ಹೊರೆಯನ್ನು ಇಳಿಸಿ, ಬಾಯಿಯಿದ್ದೂ ದನಿಯಿಲ್ಲದ ಇನ್ನೊಂದು ಜೀವದ ಮೇಲೆ ಹೇರುವ ಈ ಜಾಣತನವನ್ನು ನಾನು ಆಮೇಲೆ ಬಹಳ ಕಡೆ ಕಂಡಿದ್ದೇನೆ. ಅಂದು ಮೊದಲ ಸಲ ಕಂಡೆ. ಆಜ್ಞೆ ಬದಲಾಗಲಿಲ್ಲ.

ಅದರ ಮುಂದಿನ ಸೋಮವಾರ ಬೆಳಗ್ಗೆ, ಹೊರೆಯವರು ಕಾಣಿಸಿಕೊಳ್ಳುವ ಮೊದಲೇ, ದಾರಿಯಲ್ಲಿ ಒಂದೇ ಒಂದು ಪ್ರಾಣಿಯ ಗೊರಸಿನ ಸದ್ದು ಕೇಳಿತು. ಸಾಲಿನ ಉಳಿದವರೆಲ್ಲ ರಜೆಯಲ್ಲಿ ಮಲಗಿದ್ದರು. ಅವನು ತನ್ನ ಹೇಸರಗತ್ತೆಗೆ ಪೂರ್ತಿ ಹೊರೆ ಹೇರಿಕೊಂಡು ಬಂದಿದ್ದ.

ನಾನು ಹೊರೆಯ ಹಗ್ಗ ಬಿಚ್ಚತೊಡಗಿದೆ. ಅವನೇ ಹೇಳಿದ. “ಮೂರ ಮಂದೀ ಹೊರಿ ಇದರ ಮ್ಯಾಲ ಹಿಡೀತು. ಆ ಮುದುಕನ್ನ, ಮತ್ತ ಇಬ್ಬರು ಹೆಣ್ಮಕ್ಕಳನ್ನ ಉಪ್ಪ ಕೊಟ್ಟು ಮನಿಗಿ ಕಳಿಸಿ ಬಂದೇನಿ.”

“ಚಹಾ ಇಡ್ತೇನಿ, ಕುಂದರು.”

“ಇವತ್ತ ಬ್ಯಾಡ್ರಿ.”

ಚೀಲಗಳನ್ನು ಇಳಿಸುವಾಗ ಅವನು ಹೇಸರಗತ್ತೆಯ ಮುಖದ ಕಡೆ ನೋಡುತ್ತಿರಲಿಲ್ಲ. “ಬಾರವ್ವಾ” ಎನ್ನಲೂ ಇಲ್ಲ. ಹಗ್ಗ ಹಿಡಿದು ಎಳೆದುಕೊಂಡು ಹೋದ. ಆಮೇಲೆ ಪ್ರತಿ ಸೋಮವಾರ ಹಾಗೆಯೇ ಮಾಡಿದ. ಸೋಮವಾರದ ಮೌನ ನಿಧಾನವಾಗಿ ಉಳಿದ ದಿನಗಳಿಗೂ ಹಬ್ಬಿತು. ಬರುತ್ತಿದ್ದ, ಇಳಿಸುತ್ತಿದ್ದ, “ಬರತೇನ್ರಿ” ಎನ್ನುತ್ತಿದ್ದ. ಅಡಿಗೆಮನೆಗೆ ಕಳಿಸಿದ್ದರೆ ಅವನು ಎಲ್ಲೋ ಇದ್ದಾನೆ ಎಂದು ನೆನೆದುಕೊಂಡಾದರೂ ಇರುತ್ತಿದ್ದೆ. ಈಗ ಅವನು ಎದುರಿಗೇ ಇದ್ದ, ನಮ್ಮಿಬ್ಬರ ಭಾಷೆಯೂ ಅವನ ಬಾಯಲ್ಲಿತ್ತು, ಅದು ನನ್ನ ಕಡೆ ಬರುತ್ತಿರಲಿಲ್ಲ. ಯುದ್ಧ ಸಾರಿದ್ದು, ಗೆದ್ದದ್ದು, ಸಿಹಿ ಹಂಚಿದ್ದು ಎಲ್ಲವೂ ಆ ಮೌನದ ಆಚೆ ಎಲ್ಲೋ ನಡೆದವು.

ಊರಿಗೆ ಬಂದ ಮೇಲೆ ನಾನು ಪೇಟೆಯ ಹಮಾಲರ ಜೊತೆ ನಿಂತೆ. ಚೀಲದ ತೂಕ ಇಳಿಸಬೇಕೆಂದು ಬೈಲಹೊಂಗಲ, ಕಿತ್ತೂರು, ಸವದತ್ತಿಗಳಲ್ಲಿ ಸಭೆ ಮಾಡಿದೆ. ಯುದ್ಧದ ದಿನಾಚರಣೆಗೆ ಕರೆದು ಹಾರ ಹಾಕಿದಾಗಲೆಲ್ಲ ಆ ಗುಡ್ಡದ ಜನರಿಗೂ ಒಂದು ಗೌರವ, ಬಾಕಿ ಉಳಿದ ಒಂದು ಕ್ಷಮೆ ಸಲ್ಲಬೇಕೆಂದು ಹೇಳಿದೆ. ಕೇಳುವವರು ಬಂದೂಕಿನ ಕಥೆಗಾಗಿ ಕಾಯುತ್ತಿದ್ದರು. ಮದುವೆಯಾಗಲಿಲ್ಲ, ಜೊತೆ ನಡೆದವರು ಒಬ್ಬೊಬ್ಬರಾಗಿ ಬೇಸತ್ತು ಬಿಟ್ಟರು.

ಕಳೆದ ವರ್ಷ ಆ ಯುದ್ಧದ ನೆನಪಿಗೆ ಒಂದು ದೊಡ್ಡ ಸಭೆ ನಿಗದಿಯಾಯಿತು. ಒಬ್ಬನ ಮಾತು ಒಬ್ಬನ ಮಾತೇ. ಇಬ್ಬರು ಹೇಳಿದರೆ ಅದು ಸಾಕ್ಷಿ. ನಾನು ರಾಮದುರ್ಗದ ಬಸ್ಸು ಹತ್ತಿ ಗೆಳೆಯನ ಹಳ್ಳಿಗೆ ಹೋದೆ. ಅವನೂ ಮುಪ್ಪಾಗಿದ್ದ. “ಬರ್ರಿ ಮಾಸ್ತರ, ಕುಂದರ್ರಿ. ಇನ್ನೂ ಮಾತಾಡ್ತೀರೋ, ಮುಗದಾವೋ ಮಾತು?” ಎಂದು ನಕ್ಕ. ಆ ನಗು ಕೇಳಿ ನನಗೆ ಧೈರ್ಯ ಬಂದಿತು. ಸಭೆಗೆ ಬಾ ಎಂದೆ. ನನ್ನ ಮೇಲೆ ಇನ್ನೂ ಸಿಟ್ಟಿದೆಯೇ ಎಂದೂ ಕೇಳಿದೆ.

“ಸಿಟ್ಟ ಯಾಕ್ರಿ? ನೀವು ತಪ್ಪ ಕೇಳಿದ್ರ ಬೈತಿದ್ನಿ, ಬೈದ ಮತ್ತ ಕುಂತು ಚಹಾ ಕುಡೀತಿದ್ವಿ. ನೀವು ಕೇಳಿದ್ದು ಖರೆ ಇತ್ತು. ಖರೇ ಮಾತಿಂದ ಹಂಗಾತು ಅಂದ್ರ, ಯಾರಿಗಿ ಏನಂತ ಅನ್ನೂದ್ರಿ?”

“ಹಂಗಾರ ಬಾ. ನೀ ಮಾಡಿದ್ದನ್ನ ಮಂದಿಗಿ ಹೇಳು. ಆ ಯುದ್ಧದಾಗ ನಾ ಕಂಡ ದೊಡ್ಡ ಕೆಲಸ ಅದು.”

ಅವನು ಮನೆಯ ಒಳಗಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಸೋಮವಾರ ಹೊರಿ ಹೇರಿದ್ನಿ ಅಂತ ಹೇಳ್ಲಿ? ಅದನ್ನ ನಮ್ಮವ್ವಗ ಹೇಳಿಲ್ರಿ. ಹೆಂಡತಿಗಿ ಹೇಳಿಲ್ಲ. ಆ ಖಚ್ಚರದ ಕಣ್ಣ ಇನ್ನೂ ಮುಂದ ಬರತಾವ. ನಿಮಗ ಬರೀಬೇಕ ಅನ್ಸಿದ್ರ ಬರೀರಿ, ನನ್ನ ಹೆಸರ ಬ್ಯಾಡ. ಸಭಾದಾಗಂತೂ ನನ್ನ ಸುದ್ದೀನ ಎತ್ತಬ್ಯಾಡ್ರಿ.”

ನಾನು ಅರ್ಧ ಶತಮಾನ ಎದೆಗೆ ಅವಚಿಕೊಂಡ ಪುಣ್ಯ ಅವನಿಗೆ ಮೈಲಿಗೆಯಾಗಿತ್ತು. ಅವನಿಗೆ ತಿಳಿಹೇಳಲು ನನ್ನಲ್ಲಿ ನೂರು ಮಾತುಗಳಿದ್ದವು, ಆದರೂ ಅವನ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ.

ಸಭೆಯಲ್ಲಿ ನಾನು ಗುಡ್ಡದ ಜನರ ವಿಷಯ ಹೇಳಿ ಮುಗಿಸಿದಾಗ, ಮುಂದಿನ ಸಾಲಿನ ಒಬ್ಬ ಯುವಕ ಎದ್ದು ನಿಂತು, ಅವಮಾನ ಮಾಡುವ ಉದ್ದೇಶವಿಲ್ಲದೆಯೇ, “ಅಜ್ಜಾರ, ಇದನ್ನ ಕಂಡಾವ್ರು ನಿಮ್ಮ ಹೊರತು ಮತ್ತ್ಯಾರರ ಅದಾರೇನ್ರಿ?” ಎಂದು ಕೇಳಿದ.

ಕಂಡದ್ದನ್ನು ಕಂಡಂತೆ ಹೇಳು ಎಂದು ಕಲಿತವನು ನಾನು. “ಯಾರೂ ಇಲ್ಲಪಾ, ನಾ ಒಬ್ಬಾವನ,” ಎಂದು ಹೇಳಿ, ಧ್ವನಿವರ್ಧಕವನ್ನು ಪಕ್ಕದವರಿಗೆ ಕೊಟ್ಟು ಕುಳಿತುಕೊಂಡೆ.