ಬಾತುಮರಿಗೆ ಅಕ್ಕೋರ ಸಹಾಯ

ಮೂವತ್ತನಾಲ್ಕು ವರ್ಷದ ಸಾಲೆಯ ನೌಕರಿಯಲ್ಲಿ ಯಶೋಧರಾ ಅಕ್ಕೋರ ವರ್ಗದ ಒಂದು ಮಗುವೂ ನಪಾಸಾಗಲಿಲ್ಲ. ಆಗುವುದಾದರೂ ಹೇಗೆ? ಮಗು ಕಾಗುಣಿತದಲ್ಲಿ ತಡವರಿಸಿತೆಂದರೆ ಸಾಕು, ಅಕ್ಕೋರು ಅದರ ಕೈಯನ್ನು ಪೆನ್ಸಿಲ್ಲಿನ ಸಮೇತ ಹಿಡಿದು ತಾವೇ ಬರೆದುಬಿಡುತ್ತಿದ್ದರು. ನಲವತ್ತು ಬರೆಯುವ ಪಟ್ಟಿ, ಒಂದೇ ಕೈಬರಹ! ತಪಾಸಣೆಗೆ ಬಂದ ಸಾಹೇಬರು ‘ಭೇಷ್’ ಎಂದು ಚಹಾ ಕುಡಿದು ಹೋಗುತ್ತಿದ್ದರು.

ನಿವೃತ್ತಿಯಾಗಿ ಸಪ್ತಾಪುರದ ಮನೆಯಲ್ಲಿ ಕುಳಿತ ಮೇಲೆ ಆ ಕೈಗೆ ಕೆಲಸವೇ ಇರಲಿಲ್ಲ. ಅಂಥವರ ಸುಪರ್ದಿಗೆ ಹಿಂಬದಿಯ ಮನೆಯ ಮಕ್ತುಮಬಿ ಬಾತುಕೋಳಿಯ ಒಂದು ತತ್ತಿಯನ್ನು ಹೇಂಟೆಯ ಬುಟ್ಟಿಯ ಸಮೇತ ಒಪ್ಪಿಸಿ ಹುಬ್ಬಳ್ಳಿಗೆ ಮದುವೆಗೆ ಹೊರಟಳು. ಹೇಂಟೆಯ ಕೆಳಗೆ ಕಾವಿಗಿಟ್ಟ ಐದರಲ್ಲಿ ನಾಲ್ಕು ಕೆಟ್ಟು, ಉಳಿದದ್ದು ಅದೊಂದೇ. ಆಗಲೇ ಕೊಕ್ಕು ಕಾಣುವಷ್ಟು ತೂತು ಬಿದ್ದಿತ್ತು.

“ಬರೇ ನೋಡ್ಕೋರಿ ಅಕ್ಕೋರ. ಒಂದ ದಿನ ಹಿಡದ್ರೂ ಹಿಡೀತು, ಮರಿ ತಾನಽ ಬರತೈತಿ. ಕೈ ಮಾತ್ರ ಹಚ್ಚಬ್ಯಾಡ್ರಿ” ಎಂದು ಎರಡೆರಡು ಸಲ ಹೇಳಿದಳು. ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗಾಯಿತು.

ಅಕ್ಕೋರು ಒಂದು ತಾಸು ತಡೆದರು. ಅವರ ಮಟ್ಟಿಗೆ ಅದು ದೊಡ್ಡ ತಪಸ್ಸು. ಮರಿ ಒಮ್ಮೆ ‘ಚೀಂವ್’ ಎನ್ನುವುದು, ದಣಿದು ಸುಮ್ಮನಾಗುವುದು.

“ಅಯ್ಯ ನನ್ನ ಕೂಸಽ, ಎಷ್ಟ ತ್ರಾಸ ಪಡ್ತಿ!” ಎಂದು ತುರುಬಿನ ಪಿನ್ನು ತೆಗೆದು ಸಿಪ್ಪೆ ಎಬ್ಬಿಸತೊಡಗಿದರು. ಒಂದು ಚೂರು, ಎರಡು ಚೂರು. ಮೂರನೆಯದರ ಜೊತೆ ರಕ್ತ ಜಿನುಗಿತು. ಮರಿಯ ದನಿ ನಿಂತಿತು.

ಗಾಬರಿಯಿಂದ ಹಚ್ಚಿದ ಫೋನಿನಲ್ಲಿ ಮಕ್ತುಮಬಿ ಮದುವೆಮನೆಯ ಗದ್ದಲವನ್ನೂ ಮೀರಿ ಕೂಗಿದಳು: “ಒಳಗಿನ ಪೊರ್ಯಾಗ ಇನ್ನೂ ರಕ್ತ ಇರತೈತ್ರಿ! ಅದನ್ನ ಒಳಗ ಎಳಕೊಂಡ ಮ್ಯಾಲಽ ಮರಿ ಹೊರಗ ಬರೂದು. ಬೆಚ್ಚಗಿನ ಒದ್ದಿ ಅರಿವಿ ಸುತ್ತಿ, ಹೇಂಟಿ ಬಾಜೂಕ ಇಟ್ಟು, ಕೈ ಕಟ್ಟಿ ಕೂಡ್ರಿ!”

ಹೇಳಿದಂತೆ ಸುತ್ತಿಟ್ಟು, ಒಂದನೇ ವರ್ಗದ ಮಗುವಿನಂತೆ ಅಕ್ಕೋರು ಕೈಕಟ್ಟಿ ಕುಳಿತರು. ಮರಿ ಸತ್ತರೆ ಕೊಂದವಳು ತಾನೇ.

ಅಷ್ಟರಲ್ಲಿ ಅವರ ಹಳೆಯ ವಿದ್ಯಾರ್ಥಿ ಹನುಮೇಶ ಬಂದ. ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಕೈಯಲ್ಲಿ ಮಗಳನ್ನು ಸಾಲೆಗೆ ಹಚ್ಚುವ ಅರ್ಜಿ.

“ಇಷ್ಟ ತುಂಬಿ ಕೊಡ್ರಿ ಅಕ್ಕೋರ.”

“ನೀನಽ ಬರಿಯೋ.”

“ನನಗೆಲ್ಲಿ ಬರಿಯಾಕ ಬರ್ತೈತ್ರಿ? ಸಾಲ್ಯಾಗ ಎಲ್ಲಾ ನೀವಽ ಬರೀತಿದ್ರಿ. ನಿಮ್ಮಂಥಾ ಅಕ್ಕೋರು ನನ್ನ ಮಗಳಿಗೂ ಸಿಗಲಿರಿ!” ಎಂದು ಹನುಮೇಶ ಭಕ್ತಿಯಿಂದ ಕಾಲು ಮುಟ್ಟಿದ.

ಬೈದಿದ್ದರೆ ಅಕ್ಕೋರು ತಡೆದುಕೊಳ್ಳುತ್ತಿದ್ದರು, ಈ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅರ್ಜಿ ತುಂಬಿಕೊಟ್ಟರು. ಮೂವತ್ತೈದರ ಆ ಗಂಡಸಿಗೆ ಕುಳಿತು ಅಕ್ಷರ ತಿದ್ದುವಷ್ಟು ಪುರುಸೊತ್ತು ಇರಲಿಲ್ಲ.

ಸಂಜೆ ತತ್ತಿಯೊಳಗಿಂದ ಮತ್ತೆ ಸಣ್ಣ ದನಿ ಕೇಳಿಸಿತು. ಅಕ್ಕೋರ ಬೆರಳುಗಳು ಚಡಪಡಿಸಿದವು. ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿ ಇಟ್ಟುಕೊಂಡರು.

ಮರುದಿನ ಮಕ್ತುಮಬಿ ಬಂದಾಗ ಮರಿ ಹುಲ್ಲಿನ ಮೇಲೆ ತೂರಾಡುತ್ತ ನಿಂತಿತ್ತು.

“ಯಾ ಅಲ್ಲಾ, ಬದುಕೇತಲ್ರಿ! ಹೆಂಗ ಉಳಿಸಿದ್ರಿ ಅಕ್ಕೋರ?”

“ನಾ ಎಲ್ಲಿ ಉಳಿಸಿದೆ, ಮಕ್ತುಮಬಿ? ಇದೊಂದಾದ್ರೂ ನನ್ನ ಕೈಯಾಗಿಂದ ತಪ್ಪಿಸಿಕೊಂತು.”