ಏಳು ಬಣ್ಣದ ಪಿಯಾನೋ

ಚಿಕ್ಕಹನುಮಯ್ಯ ಮೇಷ್ಟ್ರು ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಪಿಯಾನೋ ಪಾಠ ಹೇಳುವಾಗಲೂ ನಮ್ಮ ಬೆನ್ನ ಹಿಂದೆ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಿದ್ದರು. ವಾರದಲ್ಲಿ ಎರಡು ದಿನ ರಾಮನಗರ, ಒಂದು ದಿನ ಮಾಗಡಿ, ಅಲ್ಲಿನ ಶಾಲೆಗಳಲ್ಲಿ ಹಾರ್ಮೋನಿಯಂ ಪಾಠ. ಮಿಕ್ಕ ದಿನ ಚನ್ನಪಟ್ಟಣದಲ್ಲಿ, ನಮ್ಮ ಬೊಂಬೆ ಕೆಲಸದವರ ಬೀದಿಯಲ್ಲಿ. ಇವರ ಕಾಲಲ್ಲಿ ಚಕ್ರ ಇದೆ ಅಂತ ನಮ್ಮ ಅಮ್ಮ ನಗುತ್ತಿದ್ದಳು.

ಮೇಷ್ಟ್ರು ಅಕ್ಕೂರಿನವರು. ತಾಯಿ ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆಸಾನಿಯ ಮನೆಯಲ್ಲಿ ಅಡುಗೆಗಿದ್ದರು. ಮಗನಿಗೆ ಪಿಯಾನೋ ಕಲಿಸಿದವಳು ಆ ದೊರೆಸಾನಿಯೇ. ಸ್ವಾತಂತ್ರ್ಯ ಬಂದ ಮೇಲೆ ತನ್ನ ದೇಶಕ್ಕೆ ಹೊರಟಾಗ ಪಿಯಾನೋವನ್ನೂ ಕೊಟ್ಟುಹೋದಳು. ಮೇಷ್ಟ್ರು ಅದನ್ನು ಲಾರಿಯಲ್ಲಿ ತಂದು, ತಾಜ್ ಪಾಷಾ ಅವರ ಮರದ ಗೋಡೌನಿನ ಮೂಲೆಯಲ್ಲಿಟ್ಟು, ಬೀದಿಯ ಮಕ್ಕಳಿಗೆ ಪುಕ್ಕಟೆ ಪಾಠ ಶುರು ಮಾಡಿದರು.

ಎಪ್ಪತ್ತಮೂರರ ಮಳೆಗಾಲಕ್ಕೆ ಪಿಯಾನೋದಲ್ಲಿ ಬೆರಳಿಟ್ಟು ಒತ್ತುವ ಬಿಳಿ ಮನೆಗಳ ಮೇಲಿನ ಹೊದಿಕೆ ಅಂಟು ಬಿಟ್ಟು ಉದುರತೊಡಗಿತು. ಬೊಂಬೆ ಮಾಡುವ ಆಲೆ ಮರದ ಪಟ್ಟಿ ಕೂರಿಸಿಕೊಡಿ ಅಂತ ನನ್ನ ಅಪ್ಪ ಶರೀಫರಿಗೆ ಹೇಳಿ ಮೇಷ್ಟ್ರು ಮಾಗಡಿಗೆ ಹೋದರು. ವಾಪಸು ಬಂದು ನೋಡುತ್ತಾರೆ, ಕೆಂಪು, ಹಳದಿ, ಹಸಿರು! ಅಪ್ಪ ಅರಗು ಕಾಯಿಸಿ, ತಾಳೆಗರಿಯಲ್ಲಿ ಉಜ್ಜಿ, ಏಳು ಸ್ವರಕ್ಕೆ ಏಳು ಬಣ್ಣ ಹತ್ತಿಸಿಬಿಟ್ಟಿದ್ದರು.

"ಏನ್ ಸಾಬ್ರೇ, ಪಿಯಾನೋನ ಬುಗುರಿ ಮಾಡ್ಬುಟ್ರಲ್ಲ" ಅಂದರು ಮೇಷ್ಟ್ರು.

"ಬರೀ ಮರಾನ ಹೆಂಗ್ ಕೊಡ್ಲಿ ಮೇಷ್ಟ್ರೇ? ಮಗೀಗೆ ಬಟ್ಟೆ ಹಾಕ್ದೆ ಸ್ಕೂಲಿಗೆ ಕಳಿಸ್ದಂಗೆ ಆಯ್ತದೆ."

ಮೇಷ್ಟ್ರ ಸಿಟ್ಟು ಒಂದು ವಾರವೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಹತ್ತದ ಪಾಠ ಮಕ್ಕಳಿಗೆ ಬಣ್ಣದಿಂದ ಎರಡೇ ದಿನಕ್ಕೆ ಹತ್ತಿತು. ಮೇಷ್ಟ್ರು ಬಣ್ಣದ ಪೆನ್ಸಿಲ್ ಹಿಡಿದು ಹೊಸ ಹೊಸ ರಾಗ ಕಟ್ಟಿ ಬರೆದರು. ಬುಗುರಿ ತಿರುಗಿ, ತೂರಾಡಿ, ಮಗ್ಗುಲಾಗುವ ಹಾಗೆ ಒಂದು ರಾಗ ಕಟ್ಟಿದ್ದರು. ಅದನ್ನು ಬಾರಿಸಲು ನಾವು ಜಗಳವಾಡುತ್ತಿದ್ದೆವು. ಹತ್ತು ಮಕ್ಕಳಿದ್ದದ್ದು ನಲವತ್ತಾಯಿತು.

ಅಷ್ಟರಲ್ಲಿ ಗೋಡೌನು ತೆರವು ಮಾಡಬೇಕಾಗಿ ಬಂತು. ಒಬ್ಬ ಶಿಷ್ಯನಾದರೂ ಬೆಂಗಳೂರಿನ ಸಂಗೀತ ಪರೀಕ್ಷೆ ಪಾಸಾದರೆ ಶಾಲೆಯಲ್ಲಿ ಕೋಣೆ ಬಿಟ್ಟುಕೊಡುತ್ತೇವೆ ಎಂದರು ಪುರಸಭೆಯವರು. ಮೇಷ್ಟ್ರು ನನ್ನನ್ನು ಆರಿಸಿದರು. ಆಗ ನನಗೆ ಹದಿನೈದು.

ಪರೀಕ್ಷೆಯ ಪಿಯಾನೋ ಮುಂದೆ ಕೂತೆ. ಎಲ್ಲ ಬಿಳಿ. ಎಲ್ಲಿ ಕೆಂಪು, ಎಲ್ಲಿ ಹಸಿರು? ನಡುನಡುವೆ ಇದ್ದ ಕಪ್ಪು ಮನೆಗಳ ಗುರುತೂ ಆ ಗಾಬರಿಯಲ್ಲಿ ಮರೆತುಹೋಯಿತು. ಎರಡು ಸಾಲು ತಪ್ಪುತಪ್ಪಾಗಿ ಬಾರಿಸಿ ಎದ್ದುಬಂದೆ. ಬಿಳಿ ಮನೆಯ ಮೇಲೆ ಒಂದು ದಿನವಾದರೂ ಅಭ್ಯಾಸ ಮಾಡಿಸಬೇಕೆಂದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಅವರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ಊರು ಬರುವ ತನಕ ನಿಂತೇ ಬಂದರು.

ಮಾರನೇ ಬೆಳಿಗ್ಗೆ ಗೋಡೌನಿಗೆ ಹೋದರೆ ಮೇಷ್ಟ್ರು ಉಪ್ಪುಕಾಗದ ಹಿಡಿದು ಒಂದೇ ಸಮನೆ ಬಣ್ಣ ಉಜ್ಜುತ್ತಿದ್ದರು. ಬೆರಳು ತರಚಿತ್ತು. ನನ್ನ ಹಿಂದೆಯೇ ಬಂದ ಅಪ್ಪ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದರು. ಅವರು ತಮ್ಮ ಕೈಯಿಂದ ಒಂದು ಗಿಲಕಿಯನ್ನೂ ಬಣ್ಣವಿಲ್ಲದೆ ಆಚೆ ಬಿಟ್ಟವರಲ್ಲ. ಜಗಳವೇ ಆಗುತ್ತದೆ ಅಂದುಕೊಂಡೆ.

"ಕೊಡಿ ಇಲ್ಲಿ" ಅಂದರು ಅಪ್ಪ. "ಹಚ್ಚಿದೋನಿಗೇ ಗೊತ್ತು, ತೆಗ್ಯಾದು ಹೆಂಗೆ ಅಂತ."

ಉಪ್ಪುಕಾಗದ ಕೈ ಬಿಟ್ಟದ್ದೇ ಮೇಷ್ಟ್ರು ಮರದ ದಿಮ್ಮಿಯ ಮೇಲೆ ಕುಸಿದು ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಸಂಜೆಯವರೆಗೆ ಉಜ್ಜಿದರು.

ಮರುವರ್ಷ ನಾನು ಪಾಸಾದೆ. ಅಷ್ಟರಲ್ಲಿ ಪುರಸಭೆಯ ಕೋಣೆ ಇನ್ಯಾರಿಗೋ ಹೋಗಿತ್ತು. ಪಿಯಾನೋ ನಮ್ಮ ಮನೆಗೆ ಬಂತು, ಅಪ್ಪ ಬೊಂಬೆ ಕಡೆಯುವ ಪಟ್ಟಡಿಯ ಪಕ್ಕದಲ್ಲೇ ಪಾಠ ನಡೆಯಿತು. ಆಮೇಲೆ ಹನ್ನೊಂದು ವರ್ಷ ಬದುಕಿದ್ದರು ಮೇಷ್ಟ್ರು. ಅಮ್ಮ ದಿನಾ ಕುರ್ಚಿ ಹಾಕುತ್ತಿದ್ದಳು. ಅವರು ಮತ್ತೆ ಕೂರಲಿಲ್ಲ.